ನೂರ ಅರವತ್ತು ಎಕರೆ: ಕೆನಡಾದ ಉಕ್ರೇನಿಯನ್ ಮತ್ತು ಆಫ್ರಿಕನ್ ಮೂಲದವರ ಎರಡು ಚರಿತ್ರೆಗಳು



ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಕುಟುಂಬಗಳೊಡನೆ ನಾವು ಎಡ್ಮಂಟನ್ನಿನ ಪೂರ್ವಕ್ಕಿರುವ ಉಕ್ರೇನಿಯನ್ ಪರಂಪರೆ ಗ್ರಾಮಕ್ಕೆ ಹೋಗಿದ್ದೆವು. ಹುಲ್ಲು ಹೊದಿಸಿದ ಮನೆಗಳು, ಸುಣ್ಣ ಬಳಿದ ಮಣ್ಣಿನ ಗೋಡೆಗಳು, ಮನೆಯೊಳಗಿನ ದೊಡ್ಡ ಮಣ್ಣಿನ ಒಲೆ ಇವುಗಳನ್ನು ಕಂಡು ಧಾರವಾಡದಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ತಮ್ಮ ಬಾಲ್ಯದ ಊರನ್ನೇ ಕಂಡಂತೆ ಬಹಳ ಹೊತ್ತು ನಿಂತುಬಿಟ್ಟರು. ಮರಳಿ ಬರುವಾಗ ಬಸ್ಸಿನಲ್ಲಿ ನಮ್ಮವರಲ್ಲೊಬ್ಬರು ಹೀಗೆಂದರು: “ನೋಡಿ, ಬರಿಗೈಯಲ್ಲಿ ಬಂದ ಜನ, ಎರಡು ತಲೆಮಾರಿನಲ್ಲಿ ಎಲ್ಲಿಗೆ ಮುಟ್ಟಿದರು! ಆಫ್ರಿಕಾ ಮೂಲದವರು ಇವರಿಗಿಂತ ಮೊದಲೇ ಬಂದವರಂತೆ. ಅವರೇಕೆ ಅಲ್ಲೇ ಉಳಿದರು?” ಅನೇಕರು ತಲೆದೂಗಿದೆವು. ಹಿಂದಿನ ಆಸನದಲ್ಲಿದ್ದ ಹೈಸ್ಕೂಲಿನ ಹುಡುಗಿಯೊಬ್ಬಳು, “ಅಂಕಲ್, ಅವರಿಗೆ ಬಾಗಿಲೇ ಹಾಕಿದ್ದರು” ಎಂದಳು. ಮಾತು ಅಲ್ಲಿಗೆ ನಿಂತಿತು. ತಲೆದೂಗಿದವರಲ್ಲಿ ನಾವೂ ಇದ್ದೆವಾದ್ದರಿಂದ ಆ ಹುಡುಗಿಯ ಮಾತಿನ ಬೆನ್ನು ಹತ್ತುವುದು ನಮ್ಮ ಪಾಲಿಗೆ ಬಂದಿತು.

ಮೊದಲು ಉಕ್ರೇನಿಯನ್ನರ ಕಥೆ. 1891ರ ಸೆಪ್ಟೆಂಬರಿನಲ್ಲಿ ಇವಾನ್ ಪಿಲಿಪಿವ್ ಮತ್ತು ವಾಸಿಲ್ ಎಲೆನಿಯಾಕ್ ಎಂಬಿಬ್ಬರು ರೈತರು ಮಾಂಟ್ರಿಯಲ್ ಬಂದರಿನಲ್ಲಿ ಇಳಿದರು. ಅವರ ಊರಾದ ನೆಬಿಲಿವ್ ಅಂದು ಆಸ್ಟ್ರಿಯಾ ಚಕ್ರಾಧಿಪತ್ಯದ ಗಲೀಷಿಯಾ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಜೀತಪದ್ಧತಿ 1848ರಲ್ಲಿ ಅಳಿದಿತ್ತಾದರೂ ಹೊಲಗಳು ಮಕ್ಕಳು ಮೊಮ್ಮಕ್ಕಳಿಗೆ ಪಾಲಾಗಿ ಪಾಲಾಗಿ ಬದುಕಲು ಸಾಲದಷ್ಟು ಸಣ್ಣವಾಗಿದ್ದವು. ಒಸಿಪ್ ಒಲೆಸ್ಕಿವ್ ಎಂಬ ವಿದ್ವಾಂಸ 1895ರಲ್ಲಿ ಕೆನಡಾದ ಬಯಲುಗಳನ್ನು ಕುರಿತು ಪುಸ್ತಿಕೆಗಳನ್ನು ಬರೆದು ಹಂಚಿದ. ಮರುವರ್ಷ ಆಂತರಿಕ ಇಲಾಖೆಯ ಮಂತ್ರಿಯಾದ ಕ್ಲಿಫರ್ಡ್ ಸಿಫ್ಟನ್, ಕುರಿಚರ್ಮದ ಕೋಟು ತೊಟ್ಟ ಈ ಗಟ್ಟಿ ರೈತರೇ ಪಶ್ಚಿಮದ ಬಯಲಿಗೆ ತಕ್ಕವರೆಂದು ನಂಬಿ ಅವರನ್ನು ಕರೆತರಲು ಏಜೆಂಟರ ಜಾಲವನ್ನೇ ಹರಡಿದ. 1914ರ ಹೊತ್ತಿಗೆ ಹೀಗೆ ಬಂದವರು ಸುಮಾರು 1,70,000.

ಅವರಿಗೆ ದೊರೆತದ್ದು 1872ರ ಡೊಮಿನಿಯನ್ ಭೂ ಕಾಯಿದೆಯಂತೆ 160 ಎಕರೆ ಭೂಮಿ. ಅರ್ಜಿಯ ಶುಲ್ಕ 10 ಡಾಲರು. ಮೂರು ವರ್ಷ ಅಲ್ಲಿ ನೆಲೆಸಿ, ಮನೆ ಕಟ್ಟಿ, ನಿಗದಿಯಾದಷ್ಟು ನೆಲವನ್ನು ಉತ್ತು ತೋರಿಸಿದರೆ ಹಕ್ಕುಪತ್ರ ಕೈಗೆ ಬರುತ್ತಿತ್ತು. ಮೊದಲ ಚಳಿಗಾಲವನ್ನು ನೆಲದಲ್ಲಿ ಗುಂಡಿ ತೋಡಿ, ಮೇಲೆ ಹುಲ್ಲುಹೆಂಟೆ ಹೊದಿಸಿಕೊಂಡು ಕಳೆದವರು ಅಸಂಖ್ಯ. ಆ ನೆಲವಾದರೂ ಖಾಲಿಯಾಗಿರಲಿಲ್ಲ; ಕ್ರೀ ಮುಂತಾದ ಮೂಲನಿವಾಸಿಗಳನ್ನು 1876ರ ಆರನೆಯ ಒಪ್ಪಂದದ ಬಳಿಕ ಮೀಸಲು ತುಂಡುಗಳಿಗೆ ಸರಿಸಿದ್ದರಿಂದಲೇ ಅದು ‘ಉಚಿತ’ವಾಗಿತ್ತು. ಅದು ಬೇರೆಯೇ ಬರೆಯಬೇಕಾದ ಕಥೆ.

ಉಕ್ರೇನಿಯನ್ನರ ದಾರಿಯೂ ಹೂವಿನ ಹಾಸಿಗೆಯಾಗಿರಲಿಲ್ಲ. ಇಂಗ್ಲಿಷ್ ಪತ್ರಿಕೆಗಳು ಅವರನ್ನು ಕೊಳಕರೆಂದೂ ಅಪರಾಧಿಗಳೆಂದೂ ಹಳಿದವು. ಮೊದಲ ಮಹಾಯುದ್ಧ ತೊಡಗಿದಾಗ, ಆಸ್ಟ್ರಿಯಾದ ಪ್ರಜೆಗಳೆಂಬ ಕಾರಣಕ್ಕೆ ಅವರು ‘ಶತ್ರು ದೇಶದವರು’ ಎನಿಸಿದರು. 1914ರಿಂದ 1920ರವರೆಗೆ ಸೆರೆಶಿಬಿರಗಳಲ್ಲಿ ಇರಿಸಲಾದ 8,579 ಮಂದಿಯಲ್ಲಿ ಹೆಚ್ಚಿನವರು ಉಕ್ರೇನಿಯನ್ನರು. ನಾವು ರಜೆಗೆಂದು ಹೋಗಿ ಚಿತ್ರ ತೆಗೆಸಿಕೊಳ್ಳುವ ಬ್ಯಾನ್ಫ್ ಕಣಿವೆಯ ಕ್ಯಾಸಲ್ ಪರ್ವತದ ಬುಡದಲ್ಲಿಯೂ ಅಂಥದೊಂದು ಶಿಬಿರವಿತ್ತು. 1917ರಲ್ಲಿ ಅವರಲ್ಲಿ ಅನೇಕರ ಮತದಾನದ ಹಕ್ಕನ್ನೂ ಕಿತ್ತುಕೊಳ್ಳಲಾಯಿತು. ಆದುದರಿಂದ ಅವರಿಗೆ ಎಲ್ಲವೂ ಸುಲಭವಾಗಿ ಸಿಕ್ಕಿತೆಂದು ಹೇಳುವುದು ಅನ್ಯಾಯ. ಆದರೆ ಇಷ್ಟೆಲ್ಲ ನಡೆದಾಗಲೂ ಹೊಲವಿತ್ತು, ಹೊಲದ ಪತ್ರ ಪೆಟ್ಟಿಗೆಯಲ್ಲಿತ್ತು, ಸುತ್ತ ಹತ್ತಾರು ಮೈಲಿ ತಮ್ಮದೇ ಭಾಷೆಯ ಜನರಿದ್ದರು.

ಈಗ ಎರಡನೆಯ ಕಥೆ. ಅದೇ ಆಲ್ಬರ್ಟಾ, ಅದೇ ಕಾಯಿದೆ, ಅದೇ 160 ಎಕರೆ.

1907ರಲ್ಲಿ ಓಕ್ಲಹೋಮ ಅಮೆರಿಕದ ಒಂದು ರಾಜ್ಯವಾಯಿತು. ಅದರ ಶಾಸನಸಭೆ ಮಾಡಿದ ಮೊಟ್ಟಮೊದಲ ಕಾಯಿದೆಯೇ ರೈಲುಗಳಲ್ಲಿ ಕಪ್ಪು ಜನರನ್ನು ಬಿಳಿಯರಿಂದ ಬೇರ್ಪಡಿಸುವಂಥದು. 1910ರಲ್ಲಿ ಅವರ ಮತದಾನದ ಹಕ್ಕಿಗೂ ಕತ್ತರಿ ಬಿತ್ತು. ಗುಲಾಮಗಿರಿಯಿಂದ ಬಿಡುಗಡೆಗೊಂಡವರ ಮಕ್ಕಳು ಮೊಮ್ಮಕ್ಕಳಾದ ಈ ರೈತರ ಕಣ್ಣಿಗೂ ಕೆನಡಾ ಸರ್ಕಾರದ ‘ಉಚಿತ ಭೂಮಿ’ ಜಾಹೀರಾತು ಬಿದ್ದಿತು. ಆ ಜಾಹೀರಾತಿನಲ್ಲಿ ಬಣ್ಣದ ಮಾತಿರಲಿಲ್ಲ. ಸುಮಾರು ಸಾವಿರದಿಂದ ಸಾವಿರದ ಐನೂರು ಜನ ಉತ್ತರಕ್ಕೆ ನಡೆದರು. ಅಥಾಬಾಸ್ಕಾದ ಪೂರ್ವಕ್ಕೆ ಆಂಬರ್ ವ್ಯಾಲಿ, ಎಡ್ಮಂಟನ್ನಿನ ಆಸುಪಾಸಿನಲ್ಲಿ ಕೀಸ್ಟೋನ್, ಜಂಕಿನ್ಸ್, ಕ್ಯಾಂಪ್ಸಿ, ಸಸ್ಕಾಚೆವಾನಿನ ಮೇಡ್‌ಸ್ಟೋನ್ ಹೀಗೆ ಅಲ್ಲಲ್ಲಿ ನೆಲೆ ಕಂಡರು. ಅವರು ಇಂಗ್ಲಿಷ್ ಮಾತನಾಡುತ್ತಿದ್ದರು, ಬೇಸಾಯ ಬಲ್ಲವರಾಗಿದ್ದರು. ಅನೇಕರು ಗಲೀಷಿಯಾದ ರೈತನಿಗಿಂತ ಹೆಚ್ಚೇ ಬಂಡವಾಳ ತಂದಿದ್ದರು.

ಆಗ ಎಡ್ಮಂಟನ್ ನಗರ ಎಚ್ಚೆತ್ತಿತು. ‘ಅವರು ಬರಕೂಡದು’ ಎಂದು 1911ರಲ್ಲಿ ವ್ಯಾಪಾರ ಮಂಡಳಿ ಒಂದು ಮನವಿಯನ್ನು ಊರೆಲ್ಲ ಸುತ್ತಿಸಿತು. ಮೂರು ಸಾವಿರಕ್ಕೂ ಮಿಕ್ಕಿದ ಸಹಿಗಳು ಬಿದ್ದವು. ಆಂತರಿಕ ಇಲಾಖೆಯ ಮಂತ್ರಿಯಾಗಿ ಸಿಫ್ಟನ್ನನ ಸ್ಥಾನಕ್ಕೆ ಬಂದಿದ್ದ ಫ್ರಾಂಕ್ ಆಲಿವರ್ ಎಡ್ಮಂಟನ್ನಿನವನೇ, ಇಲ್ಲಿನ ಪತ್ರಿಕೆಯೊಂದರ ಸ್ಥಾಪಕ. 1910ರ ವಲಸೆ ಕಾಯಿದೆಯಲ್ಲಿ, ದೇಶದ ಹವಾಮಾನಕ್ಕೆ ಹೊಂದದ ಜನಾಂಗಗಳನ್ನು ತಡೆಯಬಹುದೆಂಬ ಒಂದು ಕಲಮು ಇತ್ತು. ಅದರ ಆಧಾರದ ಮೇಲೆ 1911ರ ಆಗಸ್ಟ್ 12ರಂದು ಲಾರಿಯೇ ಅವರ ಸಂಪುಟ ಒಂದು ಆದೇಶಕ್ಕೆ ಒಪ್ಪಿಗೆಯಿತ್ತಿತು: ಒಂದು ವರ್ಷ ಕಾಲ ‘ನೀಗ್ರೋ’ ಜನಾಂಗದವರಾರೂ ಕೆನಡಾದಲ್ಲಿ ಇಳಿಯಕೂಡದು, ಅವರು ಇಲ್ಲಿನ ಹವೆಗೆ ತಕ್ಕವರಲ್ಲ. ಆಂಬರ್ ವ್ಯಾಲಿಯಲ್ಲಿ ಅದಾಗಲೇ ಜನ ಮರದ ಮನೆ ಕಟ್ಟಿ ಚಳಿಗಾಲ ಕಳೆದಿದ್ದರೆಂಬುದು ಆ ಹವಾಮಾನ ಪಂಡಿತರಿಗೆ ಅಡ್ಡಿಯಾಗಲಿಲ್ಲ.

ಆ ಆದೇಶ ಜಾರಿಗೆ ಬರಲೇ ಇಲ್ಲ. ಅಕ್ಟೋಬರಿನಲ್ಲಿ ಅದನ್ನು ಹಿಂತೆಗೆದುಕೊಂಡರು. ಹಿಂತೆಗೆದದ್ದು ಮನಸ್ಸು ಕರಗಿದ್ದರಿಂದಲ್ಲ. ಅದರ ಅಗತ್ಯವೇ ಇರಲಿಲ್ಲ. ಗಡಿಯಲ್ಲಿ ವೈದ್ಯಕೀಯ ತಪಾಸಣೆ ಅವರ ಪಾಲಿಗೆ ಬಿಗಿಯಾಗಿತ್ತು. ಸರ್ಕಾರ ಓಕ್ಲಹೋಮಕ್ಕೇ ತನ್ನ ಪ್ರತಿನಿಧಿಗಳನ್ನು ಕಳುಹಿಸಿ, ಕೆನಡಾದಲ್ಲಿ ಹಿಮವಲ್ಲದೆ ಬೇರೇನೂ ಇಲ್ಲವೆಂದು ಚರ್ಚುಗಳಲ್ಲಿ ಸಾರಿಸಿತು. ಅವರಲ್ಲೊಬ್ಬ ಸ್ವತಃ ಕಪ್ಪು ವರ್ಣದ ವೈದ್ಯ. 1912ರ ಹೊತ್ತಿಗೆ ಬರುವವರ ಸಾಲು ಬಹುಮಟ್ಟಿಗೆ ನಿಂತುಹೋಯಿತು.

ಒಂದೆಡೆ 1,70,000, ಇನ್ನೊಂದೆಡೆ ಹೆಚ್ಚೆಂದರೆ 1,500. ನಮ್ಮ ದೃಷ್ಟಿಯಲ್ಲಿ ಮುಂದಿನ ಬಹುಪಾಲು ವ್ಯತ್ಯಾಸ ಈ ಎರಡು ಅಂಕಿಗಳ ಹೊಟ್ಟೆಯಲ್ಲಿದೆ. ಸಂಘವನ್ನು ನಡೆಸಿದ ನಮಗೆ ಇದು ಬೇಗ ಅರ್ಥವಾಗಬೇಕು. ನೂರು ಕುಟುಂಬಗಳಿದ್ದರೆ ಕನ್ನಡ ಶಾಲೆ ನಡೆಯುತ್ತದೆ. ಹತ್ತಿದ್ದರೆ ಉಗಾದಿಯ ಊಟವೇ ಕಷ್ಟ. ಉಕ್ರೇನಿಯನ್ನರು ಊರೂರಿಗೆ ವಾಚನಾಲಯ ಕಟ್ಟಿದರು, ಜನತಾ ಭವನ ಕಟ್ಟಿದರು, ಸಹಕಾರಿ ಅಂಗಡಿ ಮತ್ತು ಸಾಲಸಂಘಗಳನ್ನು ತೆರೆದರು. 1926ರಲ್ಲಿ ವೆಗ್ರೆವಿಲ್ ಕ್ಷೇತ್ರ ಮೈಕೆಲ್ ಲುಚ್ಕೊವಿಚ್ ಅವರನ್ನು ಸಂಸತ್ತಿಗೆ ಕಳುಹಿಸಿತು; ಆ ಸಮುದಾಯದ ಮೊದಲ ಸಂಸದರು ಅವರು. ಸಂಖ್ಯೆಯಿದ್ದಲ್ಲಿ ಕ್ಷೇತ್ರ, ಕ್ಷೇತ್ರವಿದ್ದಲ್ಲಿ ರಸ್ತೆ ಮತ್ತು ಶಾಲೆ. 1974ರಲ್ಲಿ ಎಡ್ಮಂಟನ್ನಿನ ಸಾರ್ವಜನಿಕ ಹಣದ ಶಾಲೆಗಳಲ್ಲೇ ಉಕ್ರೇನಿಯನ್–ಇಂಗ್ಲಿಷ್ ದ್ವಿಭಾಷಾ ಶಿಕ್ಷಣ ತೊಡಗಿತು. ಶನಿವಾರದ ಬಾಡಿಗೆ ಕೊಠಡಿಯಲ್ಲಿ ಅ ಆ ಇ ಈ ತಿದ್ದಿಸುವ ನಮ್ಮ ಶಿಕ್ಷಕಿಯರು ಈ ಸಂಗತಿಯನ್ನು ಕೇಳಿದಾಗ ನಿಟ್ಟುಸಿರುಬಿಟ್ಟದ್ದನ್ನು ನಾವು ಕಂಡಿದ್ದೇವೆ.

ಆಂಬರ್ ವ್ಯಾಲಿಯವರು ಕೈಕಟ್ಟಿ ಕುಳಿತಿರಲಿಲ್ಲ. ಜೌಗು ನೆಲದ ಪೊದೆ ಕಡಿದು ಹೊಲ ಮಾಡಿದರು, ಶಾಲೆ, ಚರ್ಚು ಕಟ್ಟಿದರು. ಅವರ ಬೇಸ್‌ಬಾಲ್ ತಂಡ ಉತ್ತರ ಆಲ್ಬರ್ಟಾದಲ್ಲೆಲ್ಲ ಹೆಸರಾಗಿತ್ತು. ಆದರೆ ಹೊಸಬರು ಬರಲಿಲ್ಲ. ಮಕ್ಕಳು ಬೆಳೆದು ನಗರಕ್ಕೆ ಹೋದಾಗ ಎರಡನೆಯ ಬಾಗಿಲು ಎದುರಾಯಿತು. ಉಕ್ರೇನಿಯನ್ ರೈತನ ಮಗ ಹೆಸರಿನ ಕೊನೆಯ ಎರಡಕ್ಷರ ಕತ್ತರಿಸಿ ಇಂಗ್ಲಿಷ್ ಹೆಸರಿಟ್ಟುಕೊಂಡರೆ ಗುಮಾಸ್ತನ ಕೆಲಸಕ್ಕೆ ಸೇರಬಹುದಿತ್ತು, ಸೇರಿದವರು ಬಹಳ. ಅದರ ನೋವು ಅವರಿಗೂ ಗೊತ್ತು. ಬಣ್ಣವನ್ನು ಕತ್ತರಿಸುವ ಬಗೆ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಕಪ್ಪು ಯುವಕರಿಗೆ ಹೆಚ್ಚಾಗಿ ದೊರೆಯುತ್ತಿದ್ದದ್ದು ರೈಲಿನ ಮಲಗುವ ಬೋಗಿಗಳಲ್ಲಿ ಪೋರ್ಟರ್ ಕೆಲಸ, ಯುವತಿಯರಿಗೆ ಮನೆಗೆಲಸ. 1954ರಲ್ಲಿ ಆಲ್ಬರ್ಟಾದ ಮೊದಲ ಕಪ್ಪು ವಕೀಲರಾದ ವಯಲೆಟ್ ಕಿಂಗ್ ಅವರ ಅಜ್ಜ 1911ರಲ್ಲಿ ಕೀಸ್ಟೋನಿಗೆ ಬಂದವರು. ತಂದೆ ರೈಲು ಪೋರ್ಟರ್. 1968ರಲ್ಲಿ ಸಂಸತ್ತಿನ ಮೊದಲ ಕಪ್ಪು ಸದಸ್ಯರಾದ ಲಿಂಕನ್ ಅಲೆಕ್ಸಾಂಡರ್ ಅವರ ತಂದೆಯೂ ರೈಲು ಪೋರ್ಟರ್. ಲುಚ್ಕೊವಿಚ್ ಮತ್ತು ಅಲೆಕ್ಸಾಂಡರ್ ಇವರಿಬ್ಬರ ನಡುವೆ 42 ವರ್ಷಗಳ ಅಂತರ.

‘ಮೊದಲೇ ಬಂದವರು’ ಎಂಬ ಮಾತಿಗೆ ಉತ್ತರ ನೋವಾ ಸ್ಕೋಷಿಯಾದಲ್ಲಿದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ಹಿಡಿದರೆ ಬಿಡುಗಡೆ ಮತ್ತು ಭೂಮಿ ಎಂಬ ಭರವಸೆ ನಂಬಿ 1783ರಲ್ಲಿ ಸುಮಾರು ಮೂರು ಸಾವಿರ ಕಪ್ಪು ಜನ ಅಲ್ಲಿ ಇಳಿದರು. ಬಿಳಿಯರಿಗೆ ಕೊಟ್ಟು ಮಿಕ್ಕ ಕಲ್ಲುನೆಲ ಕೆಲವರಿಗೆ ದಕ್ಕಿತು, ಹಲವರಿಗೆ ಅದೂ ಇಲ್ಲ. ಬೇಸತ್ತ ಸುಮಾರು 1,200 ಮಂದಿ 1792ರಲ್ಲಿ ಹಡಗು ಹತ್ತಿ ಸಿಯೆರಾ ಲಿಯೋನಿಗೆ ಹೊರಟೇಹೋದರು. 1812ರ ಯುದ್ಧದ ಬಳಿಕ ಬಂದ ಇನ್ನೊಂದು ತಂಡಕ್ಕೆ ಸಣ್ಣ ತುಂಡುಗಳನ್ನು ಕೊಟ್ಟರು. ಹಕ್ಕುಪತ್ರವಲ್ಲ, ಅಲ್ಲಿರಲು ಪರವಾನಗಿ ಮಾತ್ರ. ಪಹಣಿಯಲ್ಲಿ ಹೆಸರಿಲ್ಲದ ಹೊಲ ಉಳುವುದೆಂದರೇನೆಂದು ನಮ್ಮೂರ ಗೇಣಿದಾರರ ಮನೆತನದವರಿಗೆ ವಿವರಿಸಬೇಕಾಗಿಲ್ಲ. ಆ ಭೂಮಿಯನ್ನು ಮಾರಲಾಗದು, ಅಡವಿಟ್ಟು ಸಾಲ ತರಲಾಗದು, ಮಗನಿಗೆ ಬರೆದುಕೊಡಲಾಗದು. ಇನ್ನೂರು ವರ್ಷ ಕಳೆದರೂ ಆ ಗಂಟು ಬಿಚ್ಚಲಿಲ್ಲ. 2017ರಲ್ಲಿ ಅಲ್ಲಿನ ಸರ್ಕಾರ ಆ ಹಳ್ಳಿಗಳ ಹಕ್ಕುಪತ್ರ ಸರಿಪಡಿಸುವ ಯೋಜನೆಯನ್ನು ಆರಂಭಿಸಬೇಕಾಯಿತು.

ಹ್ಯಾಲಿಫ್ಯಾಕ್ಸಿನ ಅಂಚಿನಲ್ಲಿದ್ದ ಆಫ್ರಿಕ್‌ವಿಲ್ಲಿನ ಕಥೆ ಇನ್ನೂ ಕಹಿ. ಅಲ್ಲಿನವರು ತೆರಿಗೆ ಕಟ್ಟಿದರು. ನಗರಸಭೆ ನೀರು ಕೊಡಲಿಲ್ಲ, ಒಳಚರಂಡಿ ಕೊಡಲಿಲ್ಲ, 1950ರ ದಶಕದಲ್ಲಿ ಊರಿನ ಕಸದ ರಾಶಿಯನ್ನು ಮಾತ್ರ ಪಕ್ಕದಲ್ಲೇ ತಂದು ಸುರಿಯಿತು. ಆಮೇಲೆ ಕೊಳೆಗೇರಿಯೆಂದು ಹೆಸರಿಟ್ಟು 1964ರಿಂದ 1970ರೊಳಗೆ ಇಡೀ ಊರನ್ನು ಕೆಡವಿತು. ಸುಮಾರು 400 ಜನ. ಕೆಲವರ ಸಾಮಾನುಗಳನ್ನು ನಗರಸಭೆಯ ಕಸದ ಲಾರಿಗಳಲ್ಲಿ ಸಾಗಿಸಿದರು. ಪತ್ರ ತೋರಿಸಲಾಗದವರಿಗೆ 500 ಡಾಲರು. 2010ರ ಫೆಬ್ರವರಿಯಲ್ಲಿ ನಗರಸಭೆ ಕ್ಷಮೆ ಕೇಳಿತು. ವೆಗ್ರೆವಿಲ್ಲಿನ ಅಜ್ಜ ಬಿಟ್ಟುಹೋದ ಹೊಲ ಮೊಮ್ಮಗನ ಕಾಲೇಜಿನ ಶುಲ್ಕವಾಯಿತು. ಆಫ್ರಿಕ್‌ವಿಲ್ಲಿನ ಮೊಮ್ಮಗನಿಗೆ ದೊರೆತದ್ದು ಬಾಡಿಗೆ ಮನೆ.

ಇನ್ನು ನಮ್ಮ ಕಾಲ. 1967ರಲ್ಲಿ ಅಂಕಗಳ ಪದ್ಧತಿ ಬಂದು ಬಣ್ಣದ ಬದಲು ಓದು, ಕೆಲಸ, ಭಾಷೆಗಳು ಅಳತೆಗೋಲಾದವು. ನಾವು ಬಂದದ್ದು ಈ ಬಾಗಿಲಿನಿಂದ. ಅದು ತಾನಾಗಿ ತೆರೆಯಲಿಲ್ಲ. 1914ರಲ್ಲಿ ವ್ಯಾಂಕೂವರಿಗೆ ಬಂದ ಕೊಮಗಾಟಾ ಮಾರು ಹಡಗಿನ 376 ಭಾರತೀಯರಲ್ಲಿ ಬಹುತೇಕರನ್ನು ಇಳಿಯಗೊಡದೆ ಎರಡು ತಿಂಗಳ ಬಳಿಕ ಹಿಂದಟ್ಟಿದ ದೇಶವಿದು. ಅಂಥ ವಲಸೆ ನೀತಿಯನ್ನು ಬದಲಿಸಬೇಕೆಂದು 1954ರ ಏಪ್ರಿಲಿನಲ್ಲಿ ಡೊನಾಲ್ಡ್ ಮೂರ್ ಎಂಬವರ ಮುಂದಾಳುತನದಲ್ಲಿ ಆಟವಾಕ್ಕೆ ನಿಯೋಗ ಹೋದವರು ಟೊರಾಂಟೊದ ಕಪ್ಪು ಸಮುದಾಯದವರು. ಅವರ ಜೊತೆಯಲ್ಲಿ ರೈಲು ಪೋರ್ಟರುಗಳ ಸಂಘಟನೆಯ ಮುಂದಾಳು ಸ್ಟ್ಯಾನ್ಲಿ ಗ್ರಿಝಲ್ ಇದ್ದರು. ನಮ್ಮ ಇಂಜಿನಿಯರುಗಳು ಬಂದಿಳಿಯುವ ಮೊದಲೇ ನಮ್ಮ ಪರವಾಗಿಯೂ ವಾದಿಸಿದವರು ಹಾಸಿಗೆ ಮಡಿಸುತ್ತಿದ್ದ ಪೋರ್ಟರುಗಳೆಂಬುದು ಬಸ್ಸಿನಲ್ಲಿದ್ದ ನಮಗಾರಿಗೂ ತಿಳಿದಿರಲಿಲ್ಲ.

ಈಗ ನೈಜೀರಿಯಾ, ಇಥಿಯೋಪಿಯಾಗಳಿಂದ ಬರುವವರಲ್ಲಿ ಪದವೀಧರರು ಹೇರಳ. ಆಫ್ರಿಕ್‌ವಿಲ್ಲಿನ ವಂಶಸ್ಥರನ್ನೂ ಇವರನ್ನೂ ಒಂದೇ ಗಂಟು ಕಟ್ಟುವುದು ಸಲ್ಲದು. ಆದರೂ 2021ರ ಜನಗಣತಿಯ ಪ್ರಕಾರ ದೇಶದ ಒಟ್ಟು ಬಡತನ ಪ್ರಮಾಣ ಶೇ. 8.1 ಇದ್ದರೆ ಕಪ್ಪು ಜನರಲ್ಲಿ ಶೇ. 12.4. ಲಾಗೋಸಿನ ವೈದ್ಯ ಟ್ಯಾಕ್ಸಿ ಓಡಿಸುವ ಕಥೆ ನಮ್ಮವರಿಗೆ ಹೊಸದಲ್ಲ.

ಬಾಗಿಲಿನ ಅಗಲ ಇಂದಿಗೂ ಒಂದೇ ಸಮವಿಲ್ಲ. 2022ರ ಮಾರ್ಚಿನಲ್ಲಿ ಉಕ್ರೇನಿನ ನಿರಾಶ್ರಿತರಿಗಾಗಿ ಕೆನಡಾ ತೆರೆದ ವಿಶೇಷ ಮಾರ್ಗಕ್ಕೆ ಸಂಖ್ಯೆಯ ಮಿತಿಯಿರಲಿಲ್ಲ, ಶುಲ್ಕವಿರಲಿಲ್ಲ. ಸುಮಾರು ಮೂರು ಲಕ್ಷ ಜನ ಬಂದರು. ನಮ್ಮಲ್ಲಿ ಅನೇಕರು ಹೊದಿಕೆ, ಪಾತ್ರೆ ಒಟ್ಟುಮಾಡಿ ಕೊಟ್ಟೆವು. ಅದೇ ತಿಂಗಳ ಮೊದಲ ದಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ ಸುದ್ದಿಯೂ ಬಂದಿತ್ತು. ಕೊಟ್ಟದ್ದು ಸರಿಯೇ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿತು. ಅಲ್ಲಿನವರಿಗೆ ಮಾರ್ಗ ತೆರೆದದ್ದು 2024ರ ಫೆಬ್ರವರಿಯಲ್ಲಿ. ಇಲ್ಲಿ ನೆಂಟರಿರಬೇಕಿತ್ತು, ಆ ನೆಂಟರು ಹಣದ ಹೊಣೆ ಹೊರಬೇಕಿತ್ತು, ಅರ್ಜಿಗಳ ಮಿತಿ ಆಗ 3,250 ಆಗಿತ್ತು. ಆಗ ನಾವು ಹೊದಿಕೆ ಒಟ್ಟುಮಾಡಲಿಲ್ಲ. ಯಾರೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಆಂಬರ್ ವ್ಯಾಲಿಯಲ್ಲಿ ಈಗ ವಾಸಿಸುವವರು ಕಡಿಮೆ. ಅಲ್ಲಿನ ಅಂಚೆ ಕಚೇರಿ 1968ರಲ್ಲೇ ಮುಚ್ಚಿತು. ಮೊದಲ ನೆಲೆಗಾರರ ಕುಟುಂಬವೊಂದರ ಮನೆಯಾದ ಒಬದಾಯ ಪ್ಲೇಸನ್ನು ಆಲ್ಬರ್ಟಾ ಸರ್ಕಾರ ಐತಿಹಾಸಿಕ ತಾಣವೆಂದು ಗುರುತಿಸಿದೆ. ಮುಂದಿನ ಜೂನ್ ತಿಂಗಳ ಕೊನೆಯ ಶನಿವಾರ, ಮಕ್ಕಳ ಪರೀಕ್ಷೆಗಳು ಮುಗಿದ ಮೇಲೆ, ಸಂಘದ ಬಸ್ಸು ಅತ್ತ ಹೊರಡಲಿದೆ. ದಾರಿ ಎರಡು ಗಂಟೆಯದು. ಬುತ್ತಿ ಅವರವರೇ ತರಬೇಕು. ಈ ಬಾರಿ ದಾರಿಯುದ್ದಕ್ಕೂ ವಿವರ ಹೇಳುವ ಹೊಣೆಯನ್ನು ಹಿಂದಿನ ಆಸನದ ಆ ಹುಡುಗಿ ಒಪ್ಪಿಕೊಂಡಿದ್ದಾಳೆ.