ಸಾಲ್ಟರ್, ಸುಸಾನ್ನಾ ಮೆಡೋರಾ

1860-1961. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೇಯರ್ ಪದವಿಗೆ ಚುನಾಯಿತಳಾದ ಪ್ರಥಮ ಮಹಿಳೆಯೆಂದು ಪ್ರಸಿದ್ಧೆ. ಒಹಾಯೋ ಪ್ರಾಂತದಲ್ಲಿ ಮಾರ್ಚ್ 2ರಂದು ಜನಿಸಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಕ್ಯಾನ್ಸಸ್‌ಗೆ ಬಂದು, ಮ್ಯಾನ್‌ಹಟನ್ನಿನ ಕೃಷಿ ಕಾಲೇಜಿನಲ್ಲಿ ವ್ಯಾಸಂಗಮಾಡುತ್ತಿದ್ದು ಅನಾರೋಗ್ಯದಿಂದ ಪದವಿ ಪಡೆಯದೆ ಹೊರಬಂದ ಈಕೆ, 1880ರಲ್ಲಿ ಲೂಯಿಸ್ ಸಾಲ್ಟರನನ್ನು ವಿವಾಹವಾಗಿ, ಅನಂತರ ಆರ್ಗೋನಿಯ ಎಂಬ ಸಣ್ಣ ಊರಿನಲ್ಲಿ ನೆಲಸಿದಳು; ಆ ಊರಿನ ಮೊದಲ ಮೇಯರ್ ಈಕೆಯ ತಂದೆ ಆಲಿವರ್ ಕಿನ್ಸೆ.

1887ರಲ್ಲಿ ಕ್ಯಾನ್ಸಸ್ಸಿನ ಸ್ತ್ರೀಯರಿಗೆ ಪುರಸಭಾ ಚುನಾವಣೆಗಳಲ್ಲಿ ಮತಾಧಿಕಾರ ದೊರೆಯಲು, ಪಾನನಿರೋಧ ಸಂಘದ ಸದಸ್ಯೆಯರು ಅದನ್ನು ಉಪಯೋಗಿಸಿಕೊಳ್ಳುವುದಕ್ಕೆ ಉದ್ಯುಕ್ತರಾದುದನ್ನು ಸಹಿಸದ ಕೆಲವು ಗಂಡಸರು, ಅವರನ್ನು ನಗೆಪಾಟಲಿಗೀಡುಮಾಡುವ ಉದ್ದೇಶದಿಂದ, ಆ ಸಂಘದ ಸದಸ್ಯೆಯಾಗಿದ್ದ ಈಕೆಯ ಅರಿವಿಗೆ ಬಾರದಂತೆ ಈಕೆಯ ಹೆಸರನ್ನೇ ಮತಪತ್ರದಲ್ಲಿ ಸೇರಿಸಿದರು; ಅಭ್ಯರ್ಥಿಗಳ ಹೆಸರನ್ನು ಮುಂಗಡವಾಗಿ ಪ್ರಕಟಿಸಬೇಕೆಂಬ ನಿಯಮ ಆಗ ಇಲ್ಲದಿದ್ದುದರಿಂದ ಇದು ಸಾಧ್ಯವಾಯಿತು. ಏಪ್ರಿಲ್ 4ರಂದು, ಮತದಾನ ನಡೆಯುತ್ತಿರುವಂತೆಯೇ, ರಿಪಬ್ಲಿಕನ್ ಪಕ್ಷದ ಪ್ರಮುಖರು ಮನೆಗೆ ಬಂದು ಗೆದ್ದರೆ ಅಧಿಕಾರ ವಹಿಸುವಿರಾ ಎಂದು ಕೇಳಿದಾಗ, 27 ವರ್ಷದ ಈ ಗೃಹಿಣಿ ಒಪ್ಪಿದಳು. ಒಂದು ದಿನದ ಸಿದ್ಧತೆಗೂ ಅವಕಾಶವಿಲ್ಲದೆ ಇತ್ತ ಆ ಸಮ್ಮತಿಯಲ್ಲಿಯೇ ಈಕೆಯ ಧೀರತೆಯೆಲ್ಲ ಅಡಗಿದೆಯೆನ್ನಬೇಕು. ಮತಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಈಕೆಗೇ ಬಂದುವು.

ಒಂದು ವರ್ಷ ಸಭೆಯನ್ನು ಕ್ರಮವರಿತು ನಡೆಸಿ, ಒಂದು ಡಾಲರ್ ಸಂಭಾವನೆ ಸ್ವೀಕರಿಸಿ, ಮತ್ತೆ ಸ್ಪರ್ಧಿಸದೆ ಉಳಿದಳು. ಮುಂದೆ ಒಕ್ಲಹೋಮಕ್ಕೆ ತೆರಳಿ, 101 ವರ್ಷ ಬಾಳಿ, ನಾರ್ಮನ್ ನಗರದಲ್ಲಿ 1961ರ ಮಾರ್ಚ್ 17ರಂದು ನಿಧನಳಾದಳು.