ಶರೀಫರ ಅಲಾವಿ ಪದಗಳು: ನಾವು ಕೇಳದೆ ಬಿಟ್ಟ ಹಾಡುಗಳು

ಶಿಶುನಾಳ ಶರೀಫರ ಹೆಸರು ಕೇಳದ ಕನ್ನಡಿಗರು ಇರಲಿಕ್ಕಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಅವರ ಹತ್ತೋ ಹನ್ನೆರಡೋ ಹಾಡುಗಳು ಮಾತ್ರ. ಸಿ. ಅಶ್ವತ್ಥ್ ಅವರ ಏರುದನಿಯಲ್ಲಿ, ಕ್ಯಾಸೆಟ್ಟುಗಳ ಮೂಲಕ, 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕ ಮನೆಮನೆ ತಲುಪಿದ ಹಾಡುಗಳವು. ಆ ಉಪಕಾರ ದೊಡ್ಡದು. ಆದರೆ ಕೋಳಿ, ಮಾಳಿಗೆ, ತಂಬೂರಿಗಳ ಶರೀಫರನ್ನು ಬಲ್ಲ ನಾವು ಕರ್ಬಲಾದ ಶರೀಫರನ್ನು ಬಲ್ಲೆವೇ?

ಶರೀಫರು ಬದುಕಿದ್ದು 1819ರಿಂದ 1889ರವರೆಗೆ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಮಕ್ಕಳಿಲ್ಲದ ಈ ದಂಪತಿ ಹುಲಗೂರಿನ ಖಾದರ್ ಷಾ ವಲಿಯವರ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ ಎಂಬುದು ಜನರ ನಂಬಿಕೆ. ಗುರು ಕಳಸದ ಗೋವಿಂದ ಭಟ್ಟರು. ಅಂಕಿತ ಊರ ದೇವರಾದ ಶಿಶುನಾಳಾಧೀಶನದು. ಇಷ್ಟನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಅವರ ಜೀವಿತಕಾಲದಲ್ಲೇ ಧಾರವಾಡ ಸೀಮೆ ನರಗುಂದದ ಬಂಡಾಯವನ್ನು, ಅಮೆರಿಕದ ಅಂತರ್ಯುದ್ಧದಿಂದಾಗಿ ಏರಿ ಇಳಿದ ಹತ್ತಿಯ ಬೆಲೆಯನ್ನು, 1876–78ರ ಭೀಕರ ಬರವನ್ನು ಕಂಡಿತು. ಹೊಸದಾಗಿ ಬಂದ ಗಿರಣಿಯನ್ನು ನೋಡಿಯೂ ಅವರು ಪದ ಕಟ್ಟಿದರು. ನೀರು, ಬೆಂಕಿ, ಗಾಳಿ ಒಂದಾಗಿ ಚಕ್ರ ತಿರುಗಿಸುವ ಆ ಯಂತ್ರ ಅವರಿಗೆ ಪಂಚಭೂತಗಳ ದೇಹವಾಗಿಯೂ ಕಂಡಿತು. ಉಗಿಯಂತ್ರದ ಕಾಲ ನೆನಪಿಲ್ಲದ ಕೇಳುಗನಿಗೆ ಆ ಪದದ ಅರ್ಧ ಸ್ವಾರಸ್ಯ ದಕ್ಕುವುದಿಲ್ಲ.

ಇದಕ್ಕಿಂತ ಹೆಚ್ಚು ದೂರವಾಗಿರುವುದು ಅವರ ಮೊಹರಂ ಪದಗಳು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇವಕ್ಕೆ ಅಲಾವಿ ಪದ, ರಿವಾಯತ್ ಪದ, ಕರ್ಬಲಾ ಪದ ಎಂಬ ಹೆಸರುಗಳಿವೆ. ‘ರಿವಾಯತ್’ ಎಂದರೆ ಅರಬ್ಬಿಯಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಿದ ವರದಿ. ಹದೀಸಿನ ಸಂದರ್ಭದಲ್ಲಿ ವಿದ್ವಾಂಸರು ಬಳಸುವ ಶಬ್ದವೇ ಇದು. ಅದನ್ನು ಗೆಜ್ಜೆ ಕಟ್ಟಿ ಕುಣಿಯುವ ರೈತ ತನ್ನ ಹಾಡಿಗೆ ಇಟ್ಟುಕೊಂಡಿದ್ದಾನೆ. ‘ಅಲಾವಿ’ ಪಂಜಾ ಕೂರಿಸುವ ಮನೆಯ ಮುಂದೆ ತೋಡಿದ ಬೆಂಕಿಯ ಕುಣಿಗೆ ಸಂಬಂಧಿಸಿದ್ದು. ಅದರ ಸುತ್ತ ಹೆಜ್ಜೆ ಹಾಕುತ್ತಲೇ ಈ ಪದಗಳನ್ನು ಹಾಡುವುದು. ಆಶುರಾ ಈ ಪದಗಳಲ್ಲಿ ‘ಐಸುರ’ವಾಗುತ್ತದೆ. ಎಲ್ಲಕ್ಕಿಂತ ಸೋಜಿಗದ್ದು ಒಂಬತ್ತನೆಯ ರಾತ್ರಿಯ ಹೆಸರು. ‘ಖತ್ಲ್’ ಅಂದರೆ ಕೊಲೆ. ಹತ್ಯೆಯ ಹಿಂದಿನ ರಾತ್ರಿ ಖತಲ್ ರಾತ್ರಿ. ಕನ್ನಡದ ಬಾಯಿಯಲ್ಲಿ ಅದು ‘ಕತ್ತಲ ರಾತ್ರಿ’. ಶಬ್ದ ತಪ್ಪಿತು ಎನ್ನಬೇಕೆ? ನಮಗಂತೂ ಹಾಗನಿಸುವುದಿಲ್ಲ.

ಈ ಪದಗಳ ಲೋಕದಲ್ಲಿ ಬರುವವರು ಯಾರು? ಹಿಜರಿ 61ರ ಮೊಹರಂ ಹತ್ತರಂದು, ಅಂದರೆ ಕ್ರಿ.ಶ. 680ರ ಅಕ್ಟೋಬರಿನಲ್ಲಿ, ಯಜೀದನ ಸೈನ್ಯದೆದುರು ಹುತಾತ್ಮರಾದ ಇಮಾಮ್ ಹುಸೇನರು ಮತ್ತು ಅವರ ಸಂಗಡಿಗರು. ಫುರಾತ್ ನದಿಯಿಂದ ನೀರು ತರಲು ಹೋಗಿ ತೋಳು ಕಳೆದುಕೊಂಡ ಅಬ್ಬಾಸರು. ಹಸನರ ಮಗ, ಮದುವೆಯ ವಯಸ್ಸಿನ ಕಾಸಿಮರು. ಬಾಣಕ್ಕೆ ಬಲಿಯಾದ ಹಸುಗೂಸು ಅಲಿ ಅಸ್ಗರ್. ಶತ್ರುಸೈನ್ಯ ತೊರೆದು ಬಂದ ಹುರ್. ಇವರನ್ನು ಅರಿಯದವರಿಗೆ ಅಲಾವಿ ಪದ ಬರಿಯ ಹೆಸರುಗಳ ಸಾಲು. ಅರಿತವರಿಗೆ ನೀರು ಎಂಬ ಒಂದು ಮಾತು ಬಂದರೆ ಸಾಕು, ಗಂಟಲು ಒಣಗುತ್ತದೆ. ಹಬ್ಬದಲ್ಲಿ ದಾರಿಹೋಕರಿಗೆ ಪಾನಕ ಹಂಚುವುದೂ ಆ ಬಾಯಾರಿಕೆಯ ನೆನಪಿಗೇ. ಬಯಲುಸೀಮೆಯ ಬೇಸಾಯಗಾರನಿಗೆ ನೀರಿಲ್ಲದ ಮರಳುಗಾಡಿನ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೆಜ್ಜೆ ಹಾಕುವವರಲ್ಲಿ ಲಿಂಗಾಯತರು, ಕುರುಬರು, ಬೇಡರು, ದಲಿತರು ಎಲ್ಲರೂ ಉಂಟು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಪಂಜಾ ಕೂರುತ್ತದೆ. ಪಂಜಾ ಕೂರಿಸುವುದು, ಬೆಂಕಿಯ ಸುತ್ತ ಕುಣಿಯುವುದು ಧರ್ಮಸಮ್ಮತವೇ ಎಂಬ ಚರ್ಚೆ ಸಮುದಾಯದೊಳಗೆ ಹಳೆಯದು. ಉಪವಾಸ, ಪ್ರಾರ್ಥನೆಗಳೇ ಆಶುರಾದ ಆಚರಣೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಆಚರಣೆಯ ಕುರಿತ ತೀರ್ಪು ಬೇರೆ, ಸಾಹಿತ್ಯದ ಚರಿತ್ರೆ ಬೇರೆ. ಆಚರಣೆಯನ್ನು ಒಪ್ಪದವರು ಪದವನ್ನೂ ಮರೆತರೆ, ಇತ್ತ ಶರೀಫರನ್ನು ‘ಎಲ್ಲರ ಸಂತ’ ಎಂದು ಹೊಗಳುವವರು ಅವರ ಕರ್ಬಲಾವನ್ನು ಬದಿಗಿಟ್ಟು ಹಾಡಿದರೆ, ಉಳಿಯುವುದು ಅರ್ಧ ಶರೀಫರು. ಸೌಹಾರ್ದದ ವೇದಿಕೆಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕುವವರೂ ಅಲಾವಿ ಪದವೊಂದನ್ನು ಹಾಡಿಸುವುದು ಅಪರೂಪ. ಗೋವಿಂದ ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದ ಪ್ರಸಂಗ ಮಾತ್ರ ಪ್ರತಿ ಭಾಷಣದಲ್ಲೂ ಬರುತ್ತದೆ. ಅದೇ ಶಿಷ್ಯ ಮೊಹರಂ ಮೇಳಕ್ಕೆ ಪದ ಬರೆದುಕೊಟ್ಟದ್ದು ಬರುವುದಿಲ್ಲ.

ಧಾರವಾಡ, ಹಾವೇರಿ, ಗದಗ ಸೀಮೆಯ ಹಳ್ಳಿಗಳಲ್ಲಿ ಹೆಜ್ಜೆ ಮೇಳಗಳು ಇನ್ನೂ ಇವೆ. ಹಾಡುವವರಲ್ಲಿ ಅನೇಕರು ವಯಸ್ಸಾದವರು, ಪದಗಳಿರುವುದು ಅವರ ಬಾಯಿಯಲ್ಲಿ. ಕತ್ತಲ ರಾತ್ರಿ ಯಾವುದಾದರೊಂದು ಅಲಾವಿಯ ಬಳಿ ನಿಂತರೆ, ಕ್ಯಾಸೆಟ್ಟಿನಲ್ಲಿ ಕೇಳದ ಶರೀಫರು ಇಂದಿಗೂ ಕಿವಿಗೆ ಬೀಳುತ್ತಾರೆ.