ಯಂತ್ರಪಾಠ ಮತ್ತು ಮೂಲಪಾಠ: ಡಿಬಗರ್‌ಗಳ ಚರಿತ್ರೆಯಲ್ಲಿ ಎರಡು ಓದುಗಳು

ಜಾನಪದ ಸಂಶೋಧನೆಯಲ್ಲಿ ಹಾಡೊಂದನ್ನು ಅದರ ಪಠ್ಯದಿಂದಷ್ಟೇ ಓದುವುದಕ್ಕೂ, ಹಾಡಿದವರು, ಸ್ಥಳ, ಸಂದರ್ಭಗಳ ಟಿಪ್ಪಣಿಯೊಡನೆ ಓದುವುದಕ್ಕೂ ಇರುವ ಅಂತರ ಸುಪರಿಚಿತವಾದುದು. ಗಣಕ ತಂತ್ರಾಂಶಗಳ ಚರಿತ್ರೆಯಲ್ಲಿಯೂ ಇಂತಹದೇ ಅಂತರವೊಂದನ್ನು ಗುರುತಿಸಬಹುದು. ಸಿ ಮೊದಲಾದ ಭಾಷೆಗಳಲ್ಲಿ ಮನುಷ್ಯರು ಓದುವಂತೆ ಬರೆದುದು ತಂತ್ರಾಂಶದ ಮೂಲಪಾಠ. ಕಂಪೈಲರ್ ಅದನ್ನು ಯಂತ್ರದ ಆದೇಶಗಳನ್ನಾಗಿ ಮಾರ್ಪಡಿಸಿದಾಗ ದೊರೆಯುವುದು ಯಂತ್ರಪಾಠ. ಓಡುತ್ತಿರುವ ತಂತ್ರಾಂಶವನ್ನು ನಡುವೆ ನಿಲ್ಲಿಸಿ ದೋಷವನ್ನು ಹುಡುಕುವ ಸಾಧನವೇ ಡಿಬಗರ್. ಕೆಲವು ಡಿಬಗರ್‌ಗಳು ಯಂತ್ರಪಾಠವನ್ನು ಮಾತ್ರ ತೋರಿಸಿದರೆ, ಕೆಲವು ಮೂಲಪಾಠದ ಸಾಲುಗಳನ್ನೇ ಮುಂದಿಡುತ್ತವೆ. ಇವುಗಳ ಆಯ್ಕೆಯ ಪ್ರಶ್ನೆಯನ್ನು ಕನ್ನಡ ದಾಖಲೆಗಳ ಹಿತದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಂತ್ರದ ದೋಷವನ್ನು ಹುಳುವೆಂದು ಕರೆಯುವ ರೂಢಿ ಗಣಕಕ್ಕಿಂತ ಹಳೆಯದು. ಥಾಮಸ್ ಎಡಿಸನ್ 1878ರ ಪತ್ರದಲ್ಲಿಯೇ ‘ಬಗ್’ ಪದವನ್ನು ಈ ಅರ್ಥದಲ್ಲಿ ಬಳಸಿದ್ದಾನೆ. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಗಣಕದೊಳಗೆ ಸಿಕ್ಕ ಪತಂಗವನ್ನು ಅಲ್ಲಿನ ದಿನಚರಿ ಪುಸ್ತಕಕ್ಕೆ ಅಂಟಿಸಲಾಯಿತು. ಗ್ರೇಸ್ ಹಾಪರ್ ಈ ಪ್ರಸಂಗವನ್ನು ಮತ್ತೆಮತ್ತೆ ಹೇಳುತ್ತಿದ್ದರು. ಕ್ರಮೇಣ ಅದು ಪದದ ಹುಟ್ಟಿನ ಕಥೆಯೆಂದೇ ಪ್ರಚಲಿತವಾಯಿತು. ಐತಿಹ್ಯವೊಂದು ಬೆಳೆಯುವ ಬಗೆ ಇದೇ ಆಗಿದೆ. ಅಮೆರಿಕದ ಎಂಐಟಿಯಲ್ಲಿ ಟಿಎಕ್ಸ್-0 ಗಣಕಕ್ಕಾಗಿ ಸಿದ್ಧವಾದ ಸಾಧನದ ಹೆಸರು ‘ಫ್ಲಿಟ್’. 1961ರಲ್ಲಿ ಪಿಡಿಪಿ-1 ಗಣಕಕ್ಕೆ ಬಂದುದು ‘ಡಿಡಿಟಿ’. ಎರಡೂ ಕೀಟನಾಶಕಗಳ ಹೆಸರುಗಳು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಿಂದ ನಮ್ಮ ಹಳ್ಳಿಗಳಿಗೂ ಡಿಡಿಟಿ ಪರಿಚಿತವಾಗಿತ್ತು. ಗಣಕದ ಡಿಡಿಟಿ ಸ್ಮೃತಿಸ್ಥಾನಗಳನ್ನು ಹೆಸರಿನಿಂದ ಗುರುತಿಸಬಲ್ಲುದಾಗಿದ್ದರೂ ಅದರ ಕೆಲಸ ಯಂತ್ರಾದೇಶಗಳ ಮಟ್ಟದಲ್ಲಿಯೇ ನಡೆಯುತ್ತಿತ್ತು.

ಯುನಿಕ್ಸ್ ಪರಂಪರೆಯಲ್ಲಿ ಎರಡೂ ಧಾರೆಗಳು ಸ್ಪಷ್ಟವಾಗಿ ಕಾಣುತ್ತವೆ. 1979ರ ಏಳನೆಯ ಆವೃತ್ತಿಯ ‘ಎಡಿಬಿ’ ಯಂತ್ರಮಟ್ಟದ ಸಾಧನ. ಹೆಚ್ಚುಕಡಿಮೆ ಅದೇ ಕಾಲದ ‘ಎಸ್‌ಡಿಬಿ’, 1980ರ ದಶಕದ ಆರಂಭದಲ್ಲಿ ಬರ್ಕ್ಲಿಯಲ್ಲಿ ಮಾರ್ಕ್ ಲಿಂಟನ್ ರೂಪಿಸಿದ ‘ಡಿಬಿಎಕ್ಸ್’ ಮೂಲಪಾಠದ ಸಾಲುಗಳನ್ನು ತೋರಿಸಿದವು. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ‘ಜಿಡಿಬಿ’ ಎರಡನ್ನೂ ಒಂದೆಡೆ ತಂದಿತು. ಅದರಲ್ಲಿ ‘ಸ್ಟೆಪ್’ ಎಂದರೆ ಮೂಲಪಾಠದ ಒಂದು ಸಾಲು, ‘ಸ್ಟೆಪ್‌ಐ’ ಎಂದರೆ ಯಂತ್ರದ ಒಂದು ಆದೇಶ ಮುಂದೆ ಸಾಗುತ್ತದೆ.

ಆದರೆ ಯಂತ್ರದ ಯಾವ ಆದೇಶ ಮೂಲಪಾಠದ ಯಾವ ಸಾಲಿನಿಂದ ಹುಟ್ಟಿತೆಂಬುದು ಡಿಬಗರಿಗೆ ತಾನಾಗಿ ತಿಳಿಯುವುದಿಲ್ಲ. ಕಂಪೈಲರ್ ಅದನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಹಾಗೆ ಬರೆದಿಡುವ ಕ್ರಮಗಳಲ್ಲಿ 1980ರ ದಶಕದ ‘ಡ್ವಾರ್ಫ್’ ಮುಖ್ಯವಾದುದು. ‘ಎಲ್ಫ್’ ಎಂಬ ಕಡತವಿನ್ಯಾಸಕ್ಕೆ ಜೊತೆಯಾಗಿ ಈ ಹೆಸರು ಬಂದಿತು. ಇವೆರಡೂ ಯುರೋಪಿನ ಜನಪದ ಕಥೆಗಳ ಕಿನ್ನರ, ಕುಬ್ಜರ ಹೆಸರುಗಳೆಂಬುದು ಗಮನಾರ್ಹ. ಕಂಪೈಲರಿಗೆ ‘-ಜಿ’ ಎಂಬ ಸೂಚನೆ ಕೊಟ್ಟಾಗ ಈ ಟಿಪ್ಪಣಿ ಉಳಿಯುತ್ತದೆ. ‘ಸ್ಟ್ರಿಪ್’ ಆದೇಶದಿಂದ ಅಳಿಯುತ್ತದೆ. ಅಳಿದ ಮೇಲೆ ಉಳಿಯುವುದು ರಿಜಿಸ್ಟರ್, ಸ್ಮೃತಿಸ್ಥಾನ ಮತ್ತು ಆದೇಶಗಳ ಓದು ಮಾತ್ರ. ಮೂಲಪಾಠವಿಲ್ಲದ ತಂತ್ರಾಂಶ, ಕಂಪೈಲರಿನದೇ ತಪ್ಪು, ವೇಗಕ್ಕಾಗಿ ಸಾಲುಗಳ ಕ್ರಮವನ್ನೇ ಕಂಪೈಲರ್ ಬದಲಿಸಿದ ಸಂದರ್ಭ ಇವುಗಳಲ್ಲಿ ಕೆಳಮಟ್ಟದ ಓದು ಅನಿವಾರ್ಯ. ತರ್ಕದ ತಪ್ಪುಗಳಿಗೆ ಮೂಲಮಟ್ಟದ ಓದೇ ಸಾಕು.

ಈ ಮಾತನ್ನು ಕನ್ನಡದ ಉದಾಹರಣೆಯೊಂದರಿಂದ ವಿವರಿಸಬಹುದು. ಕಲಬುರಗಿ ಸೀಮೆಯಲ್ಲಿ ಮೊಹರಂ ಕಾಲಕ್ಕೆ ಹಾಡುವ ರಿವಾಯತ್ ಪದಗಳು ಪ್ರಸಿದ್ಧವಾಗಿವೆ. ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ಸಂಗ್ರಹಿಸಿದ ಇಂತಹ ಪದವೊಂದು ಗ್ರಂಥಾಲಯದ ಗಣಕಸೂಚಿಯಲ್ಲಿ ಸೇರಿದೆಯೆಂದು ಭಾವಿಸೋಣ. ‘ರಿವಾಯತ್’ ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಮೂಲಪಾಠದ ಸಾಲುಗಳನ್ನು ಒಂದೊಂದಾಗಿ ನೋಡಿದರೆ ಹೋಲಿಕೆಯ ತರ್ಕ ಸರಿಯಾಗಿದೆ. ಅಕ್ಷರಗಳಾಗಿ ನೋಡಿದರೆ ಎರಡೂ ಪದಗಳು ಒಂದೇ. ಸ್ಮೃತಿಯೊಳಗಿನ ಬೈಟ್‌ಗಳನ್ನು ಎಣಿಸಿದಾಗ ಮಾತ್ರ ಒಂದು ಪದದಲ್ಲಿ 21, ಮತ್ತೊಂದರಲ್ಲಿ 24 ಇರುವುದು ಕಾಣುತ್ತದೆ. ಯುನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ರಿವಾಯತ್’ ಪದಕ್ಕೆ 7 ಸಂಕೇತಗಳು. ಹೆಚ್ಚಿನ 3 ಬೈಟ್ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಸಂಕೇತದ್ದು. ‘ರಿವಾಯತ್‌ಗಳು’ ಎಂದು ಬೆರಳಚ್ಚಿಸಿ ‘ಗಳು’ ಎಂಬುದನ್ನು ಅಳಿಸಿದಾಗ ಅದು ಪದದ ಕೊನೆಯಲ್ಲಿ ಉಳಿದುಬಿಡಬಹುದು. ದೋಷ ಕಂಡುದು ಕೆಳಮಟ್ಟದಲ್ಲಿ. ಆದರೆ ಹೋಲಿಸುವ ಮುನ್ನ ಆ ಸಂಕೇತವನ್ನು ಕಳೆಯುವಂತೆ ತಿದ್ದಬೇಕಾದುದು ಮೂಲಪಾಠದಲ್ಲಿ. ಮೂಲಪಾಠ ಕಳೆದುಹೋಗಿದ್ದರೆ ಕಾರಣ ತಿಳಿದೂ ಸೂಚಿಯನ್ನು ಸರಿಪಡಿಸುವುದು ಬಲು ಕಷ್ಟ. ಕರಜಗಿಯ ಹಾಡು ಗ್ರಂಥಾಲಯದಲ್ಲಿದ್ದೂ ಇಲ್ಲದಂತಾಗುತ್ತದೆ.

ಹೀಗೆ ಎರಡು ಬಗೆಯ ಡಿಬಗರ್‌ಗಳಲ್ಲಿ ಮೇಲುಕೀಳಿನ ಪ್ರಶ್ನೆಯಿಲ್ಲ. ಯಾವುದನ್ನು ಬಳಸಲು ಸಾಧ್ಯ ಎಂಬುದು ತಂತ್ರಾಂಶವನ್ನು ಸಿದ್ಧಪಡಿಸಿದ ದಿನ ಏನನ್ನು ಉಳಿಸಲಾಯಿತು ಎಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ. ಕ್ಷೇತ್ರಕಾರ್ಯದ ಟಿಪ್ಪಣಿಯಿಲ್ಲದ ಧ್ವನಿಮುದ್ರಿಕೆ ಎಷ್ಟು ಅಪೂರ್ಣವೋ, ಮೂಲಪಾಠ ಮತ್ತು ಸಾಲುಗಳ ಟಿಪ್ಪಣಿಯಿಲ್ಲದ ತಂತ್ರಾಂಶವೂ ಅಷ್ಟೇ ಅಪೂರ್ಣ. ಕನ್ನಡ ಸಂಗ್ರಹಗಳಿಗೆ ತಂತ್ರಾಂಶ ಮಾಡಿಸುವ ಸಂಸ್ಥೆಗಳು ಓಡುವ ಪ್ರತಿಯೊಡನೆ ಇವೆರಡನ್ನೂ ಪಡೆದು ಕಾಪಿಡುವುದು ಅಗತ್ಯ. ಅದು ಹಸ್ತಪ್ರತಿ ಸಂರಕ್ಷಣೆಯಷ್ಟೇ ಹೊಣೆಗಾರಿಕೆಯ ಕಾರ್ಯ.